ಇಂಟರ್‌ಸೆಪ್ಟರ್ ಬೈಕನ್ನು ಟ್ರೈಲರ್ ಮೇಲೆ ಡ್ಯುರಾಂಗೊಗೆ ಒಯ್ಯಬೇಕು, ಏನೇನು ತಯಾರಿ?

ದಾವಣಗೆರೆ ಹುಡುಗ, ಪ್ಲೇನೊ (ಟೆಕ್ಸಸ್)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೇ ವಾರ ಮನೆಯವರ ಜೊತೆ ಕೊಲೊರಾಡೊದ ಡ್ಯುರಾಂಗೊಗೆ ಹೊರಟಿದ್ದೇವೆ. ಹೆಂಡತಿ, ಮಗಳು ಅಲ್ಲಿಂದ ಸಿಲ್ವರ್‌ಟನ್‌ಗೆ ಹೋಗುವ ಹಳೇ ನ್ಯಾರೋಗೇಜ್ ರೈಲು ಹತ್ತುತ್ತಾರೆ. ನಾನು ಬೈಕಿನಲ್ಲಿ ಹೋಗಿ ಮಧ್ಯಾಹ್ನ ಊಟಕ್ಕೆ ಅವರನ್ನು ಸೇರಿಕೊಳ್ಳಬೇಕು. ಅವರು ರೈಲಲ್ಲೇ ವಾಪಸ್. ನಾನು ಸಿಲ್ವರ್‌ಟನ್‌ನಿಂದ ಯೂರೇ ಊರಿನವರೆಗೆ ಮಿಲಿಯನ್ ಡಾಲರ್ ಹೈವೇ ಅನ್ನುವ ಬೆಟ್ಟದ ರಸ್ತೆ ನೋಡಿಕೊಂಡು ಬರಬೇಕು. ಇಪ್ಪತ್ತೈದೇ ಮೈಲಿ, ಆದರೆ ಅದಕ್ಕಾಗಿ ಮೂರು ವರ್ಷದಿಂದ ಕಾಯುತ್ತಿದ್ದೇನೆ.

ಇಲ್ಲಿಂದ ಅಲ್ಲಿಯವರೆಗೆ ಬೈಕ್ ಓಡಿಸುವಷ್ಟು ರಜೆ ಇಲ್ಲ, ಮಗಳನ್ನು ಬಿಟ್ಟು ಒಬ್ಬನೇ ಹೋಗುವ ಮನಸ್ಸೂ ಇಲ್ಲ. ಅದಕ್ಕೇ ಯು-ಹಾಲ್‌ನಿಂದ ಟ್ರೈಲರ್ ಬಾಡಿಗೆಗೆ ತಗೊಂಡು ನಮ್ಮ ಹೋಂಡಾ ಸಿಆರ್-ವಿ ಕಾರಿಗೆ ಕಟ್ಟೋಣ ಅಂತಿದ್ದೇನೆ. ಕಾರಿನ ಹಿಂದೆ ಟ್ರೈಲರ್ ಸಿಕ್ಕಿಸುವ ಹಿಚ್ ಹಾಕಿಸಿದ್ದಾಯಿತು. ಬೈಕ್ 218 ಕೆಜಿ. ಟ್ರೈಲರ್ ಎಳೆಯುವುದು ಇದೇ ಮೊದಲು. ಬೈಕಿಗೆ ಎಷ್ಟು ಪಟ್ಟಿ ಬೇಕು, ಎಲ್ಲಿ ಕಟ್ಟಬೇಕು? ಕವರ್ ಹಾಕಬೇಕಾ?

ಸಾಗರದವನು, ಟಲ್ಸಾ

ಪಟ್ಟಿಗೆ ಆಮೇಲೆ ಬರೋಣ, ಮೊದಲು ತೂಕ ನೋಡಿ. ಆ ಟ್ರೈಲರ್ ಖಾಲಿ ಇದ್ದಾಗಲೇ 950 ಪೌಂಡ್. ನಿಮ್ಮ ಬೈಕ್ 480. ಒಟ್ಟು 1,430. ಸಿಆರ್-ವಿ ಎಳೆಯಬಹುದಾದದ್ದು 1,500. ಅದೂ ಪೆಟ್ರೋಲ್ ಗಾಡಿ ಆದರೆ. ಹೈಬ್ರಿಡ್ ಆದರೆ ಇನ್ನೂ ಕಮ್ಮಿ. ಲೆಕ್ಕದಲ್ಲಿ 70 ಪೌಂಡ್ ಉಳಿಯಿತು ಅಂತ ಹೊರಡಬೇಡಿ. ಕಾರಿನೊಳಗೆ ಮೂರು ಜನ, ಲಗೇಜು ಬೇರೆ. ಇಷ್ಟು ಚಿಕ್ಕ ಟ್ರೈಲರ್‌ಗೆ ಸಾಮಾನ್ಯವಾಗಿ ತನ್ನದೇ ಬ್ರೇಕ್ ಇರುವುದಿಲ್ಲ, ಇಳಿಜಾರಿನಲ್ಲಿ ಅಷ್ಟೂ ಭಾರವನ್ನು ನಿಮ್ಮ ಕಾರೇ ತಡೆಯಬೇಕು. ದೊಡ್ಡ ಗಾಡಿ ಯಾರ ಹತ್ತಿರವಾದರೂ ಇದ್ದರೆ ಕೇಳಿ. ಸಂಕೋಚ ಬೇಡ.

ಈಗ ಪಟ್ಟಿ. 2019ರಲ್ಲಿ ನನ್ನ ವಲ್ಕನ್ ಬೈಕನ್ನು ಆಲ್ಬುಕರ್ಕಿಯಲ್ಲಿರುವ ತಮ್ಮನ ಮನೆಗೆ ಒಯ್ಯುತ್ತಿದ್ದೆ. ಐ-40ರಲ್ಲಿ ಎಲ್ಕ್ ಸಿಟಿ ದಾಟಿದ ಮೇಲೆ ಒಂದು ಸೇತುವೆ. ಅದರ ಜೋಡಣೆ ಮೇಲೆ ಟ್ರೈಲರ್ ದಡಕ್ ಅಂತ ಕುಲುಕಿತು. ಕನ್ನಡಿಯಲ್ಲಿ ನೋಡಿದರೆ ಬೈಕಿನ ಹ್ಯಾಂಡಲ್ ಸೊಟ್ಟಗೆ ತಿರುಗಿದೆ! ಬದಿಗೆ ಹಾಕಿ ಇಳಿದೆ. ಎಡಗಡೆ ಮುಂದಿನ ಪಟ್ಟಿಯ ಕೊಕ್ಕೆ ಟ್ರೈಲರಿನ ರಿಂಗಿನಿಂದ ಕಳಚಿ ನೇತಾಡುತ್ತಿತ್ತು. ಪಟ್ಟಿ ಒಂದೆಳೆಯೂ ಹರಿದಿರಲಿಲ್ಲ. ಬಲಗಡೆಯದು ಒಂದೇ ಎಳೆದು ಎಳೆದು ಬೈಕನ್ನು ಕಂಬಿಗೆ ಒರಗಿಸಿತ್ತು. ಬ್ರೇಕ್ ಲಿವರ್ ಬಾಗಿತ್ತು, ಟ್ಯಾಂಕಿನ ಮೇಲೆ ಅಂಗೈಯಗಲ ತಗ್ಗು. ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು, ನನ್ನ ಕೈ ನಡುಗುತ್ತಿತ್ತು. ಬೈಕ್ ರಸ್ತೆಗೆ ಬಿದ್ದು ಹಿಂದೆ ಯಾರಾದರೂ ಬರುತ್ತಿದ್ದರೆ? ಈಗಲೂ ಅದೇ ಯೋಚನೆ ಬರುತ್ತೆ.

ತಪ್ಪು ನನ್ನದೇ. ಮುಂದಿನ ಫೋರ್ಕನ್ನು (ಮುಂದಿನ ಚಕ್ರ ಹಿಡಿದಿರುವ ಸ್ಪ್ರಿಂಗ್ ಇರುವ ಕೊಳವೆಗಳು) ಸರಿಯಾಗಿ ಅದುಮದೆ ಕಟ್ಟಿದ್ದೆ. ಗಾಡಿ ಕುಲುಕಿದಾಗ ಫೋರ್ಕ್ ಕುಗ್ಗುತ್ತೆ, ಆ ಗಳಿಗೆ ಪಟ್ಟಿ ಸಡಿಲ. ಬಾಯಿ ತೆರೆದ ಕೊಕ್ಕೆಗೆ ಜಾರಲು ಅಷ್ಟು ಸಾಕು. ಹಾಗಾಗಿ ನಾಲಿಗೆ ಇರುವ ಕೊಕ್ಕೆಯನ್ನೇ ತಗೊಳ್ಳಿ, ಬಾಯಿ ಮುಚ್ಚಿಕೊಳ್ಳುವಂಥದ್ದು. ಬೈಕಿನ ಕಡೆ ಕಬ್ಬಿಣದ ಕೊಕ್ಕೆ ತಾಗಿಸಲೇಬೇಡಿ, ಬಟ್ಟೆಯ ಮೆತ್ತನೆ ಕುಣಿಕೆ ಹಾಕಿ ಅದಕ್ಕೆ ಸಿಕ್ಕಿಸಿ.

ಮುಂದಿನ ಚಕ್ರ ಚಾಕ್‌ಗೆ, ಅಂದರೆ ಟ್ರೈಲರಿನಲ್ಲಿ ಚಕ್ರ ಹಿಡಿದಿಡುವ ಚೌಕಟ್ಟಿಗೆ, ಗಟ್ಟಿಯಾಗಿ ಕೂರಬೇಕು. ಮುಂದಿನ ಎರಡು ಪಟ್ಟಿ ಹ್ಯಾಂಡಲ್ ತುದಿಗಲ್ಲ, ಫೋರ್ಕ್ ಹಿಡಿದಿರುವ ಕೆಳಗಿನ ಕ್ಲ್ಯಾಂಪಿಗೆ. ಮುಂದಕ್ಕೂ ಹೊರಕ್ಕೂ ಎಳೆಯುವ ಹಾಗೆ. ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಫೋರ್ಕ್ ಅರ್ಧದಷ್ಟು ಕುಗ್ಗುವವರೆಗೆ ಬನ್ನಿ, ಪೂರ್ತಿ ಕುಗ್ಗಿಸಬೇಡಿ. ಬ್ರೇಕ್ ಪೈಪು, ವೈರು ಪಟ್ಟಿಯ ಅಡಿ ಸಿಕ್ಕಿಲ್ಲ ತಾನೇ ಅಂತ ಬೆರಳು ಹಾಕಿ ನೋಡಿ. ಹಿಂದೆ ಇನ್ನೆರಡು, ಬೈಕಿನ ಹಿಂಭಾಗ ಪಕ್ಕಕ್ಕೆ ಸರಿಯದ ಹಾಗೆ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಡಿ, ನೆಟ್ಟಗೆ ನಿಲ್ಲಲಿ, ಗೇರಿನಲ್ಲಿರಲಿ. ಉಳಿದ ಪಟ್ಟಿ ತುದಿ ಸುತ್ತಿ ಕಟ್ಟಿ. ಇಲ್ಲದಿದ್ದರೆ ಗಾಳಿಗೆ ಪಟಪಟ ಹೊಡೆದು ಬಣ್ಣ ಕಿತ್ತುಹಾಕುತ್ತೆ. ಕವರ್ ಬೇಡ ಅನ್ನೋದೂ ಅದಕ್ಕೇ.

ಇಪ್ಪತ್ತೈದು ಮೂವತ್ತು ಮೈಲಿಗೇ ನಿಲ್ಲಿಸಿ. ನಿಮ್ಮ ದಾರಿಯಲ್ಲಿ ಡೆಂಟನ್ ಊರು ಅದಕ್ಕೆ ಸರಿಯಾಗುತ್ತೆ. ಹೊಸದಾಗಿ ಕಟ್ಟಿದ ಪಟ್ಟಿ ಅಷ್ಟರಲ್ಲಿ ಸಡಿಲ ಆಗಿರುತ್ತೆ, ಮತ್ತೊಮ್ಮೆ ಬಿಗಿಯಿರಿ.

ಹಾಸನದ ಅಕ್ಕ, ಅಮರಿಲ್ಲೊ

ಪಟ್ಟಿ ವಿಷಯ ಅಣ್ಣ ಹೇಳಿದ್ದೇ ಸರಿ. ನಾನು ನಮ್ಮ ಕಡೆಯ ಗಾಳಿ ಬಗ್ಗೆ ಹೇಳುತ್ತೇನೆ. ಯುಎಸ್ 287ರಲ್ಲಿ ಅಮರಿಲ್ಲೊ ಹತ್ತಿರ ಬರುತ್ತಿದ್ದಂತೆ ತಡೆಯುವುದಕ್ಕೆ ಒಂದು ಮರವೂ ಇಲ್ಲ. ಪಕ್ಕದಿಂದ ಬೀಸುತ್ತೆ, ದೊಡ್ಡ ಲಾರಿ ದಾಟಿದ ತಕ್ಷಣ ಟ್ರೈಲರ್ ತೂಗಾಡುತ್ತೆ. ಆಗ ಬ್ರೇಕ್ ತುಳಿಯಬೇಡ ತಮ್ಮಾ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗಿ, ತಾನೇ ಸರಿಹೋಗುತ್ತೆ. ಯು-ಹಾಲ್‌ನವರು 55 ಮೈಲಿ ವೇಗ ಮೀರಬೇಡಿ ಅಂತಾರೆ. ಎಲ್ಲರೂ 75ರಲ್ಲಿ ಹೋಗುತ್ತಿದ್ದರೂ ನೀನು ಬಲಗಡೆ ಲೇನಿನಲ್ಲೇ ಇರು.

ಪೆಟ್ರೋಲ್‌ಗೆ ನಿಲ್ಲಿಸಿದಾಗಲೆಲ್ಲ ಟ್ರೈಲರಿನ ಎರಡೂ ಚಕ್ರದ ಹಬ್ (ಚಕ್ರದ ನಡುಭಾಗ) ಹತ್ತಿರ ಅಂಗೈ ಹಿಂಭಾಗ ಹಿಡಿದು ನೋಡು. ಬೆಚ್ಚಗಿದ್ದರೆ ಪರವಾಗಿಲ್ಲ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಹೋಗಿದೆ, ಮುಂದೆ ಹೋಗಬೇಡ.

ದಾವಣಗೆರೆ ಹುಡುಗ, ಪ್ಲೇನೊ

ಅಣ್ಣ, ಅಕ್ಕ, ತುಂಬಾ ಥ್ಯಾಂಕ್ಸ್. ತೂಕದ ಲೆಕ್ಕ ಹೆಂಡತಿಗೂ ತೋರಿಸಿದೆ. ಫ್ರಿಸ್ಕೊದಲ್ಲಿರುವ ಭಾವ ತಮ್ಮ ಟೊಯೋಟಾ ಹೈಲ್ಯಾಂಡರ್ ಗಾಡಿ ಕೊಡುತ್ತಾರಂತೆ, ಅದು 5,000 ಪೌಂಡ್ ಎಳೆಯುತ್ತೆ. ಕೊಕ್ಕೆಗಳನ್ನೂ ಬದಲಾಯಿಸಿದೆ.

ನಿನ್ನೆ ಸಂಜೆ ಟ್ರೈಲರ್ ಕಟ್ಟಿಕೊಂಡು ಶಾಲೆಯ ಖಾಲಿ ಪಾರ್ಕಿಂಗ್‌ನಲ್ಲಿ ಒಂದು ಗಂಟೆ ರಿವರ್ಸ್ ಕಲಿತೆ. ಸ್ಟೀರಿಂಗಿನ ಕೆಳಭಾಗ ಹಿಡಿದು, ಟ್ರೈಲರ್ ಯಾವ ಕಡೆ ಹೋಗಬೇಕೋ ಆ ಕಡೆ ಕೈ ಸರಿಸಿದರೆ ಸುಲಭ. ಮಗಳು ಹಿಂದೆ ದೂರ ನಿಂತು ಲೈಟ್ ನೋಡಿ ಕೂಗುತ್ತಿದ್ದಳು: "ಎಡ ಉರೀತು, ಬ್ರೇಕ್ ಉರೀತು, ಬಲ ಉರೀಲಿಲ್ಲಪ್ಪಾ." ಕಾರಿನ ಕಡೆಯ ಪ್ಲಗ್ಗಿನ ಪಿನ್ನುಗಳಿಗೆ ಮಣ್ಣು ಮೆತ್ತಿತ್ತು. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಬಲವೂ ಉರಿಯಿತು.