ಮೊಸಳೆ ಮೀನು ತಿನ್ನುತ್ತಿತ್ತಾ?

ಕುಂಬಳೆ ಪೇಟೆಯ ಚಹಾದಂಗಡಿಯಲ್ಲಿ ಬಬಿಯಾನ, ಅಂದರೆ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ, ಸಸ್ಯಾಹಾರಿ ಎಂದೇ ಹೆಸರಾಗಿದ್ದ ಮೊಸಳೆಯ ವಿಷಯ ಎತ್ತಬಾರದು. ಎತ್ತಿದರೆ ಬಸ್ಸು ತಪ್ಪುತ್ತದೆ. ಮೊನ್ನೆ ಎತ್ತಿದವರು ನಮ್ಮ ಮಾಷ್ಟ್ರು.

"ಶೆಟ್ರೇ, ಅನಂತಪುರದ ಕೆರೆಯಲ್ಲಿ ಮೀನು ಉಂಟಲ್ವಾ?"

"ಉಂಟು."

"ಅಷ್ಟು ವರ್ಷ ಆ ಮೊಸಳೆ ಒಂದು ಮೀನನ್ನೂ ಮುಟ್ಟಲಿಲ್ಲವಾ?"

"ಇಲ್ಲ. ದೇವಸ್ಥಾನದ ಅನ್ನ, ಬೆಲ್ಲ ಮಾತ್ರ. ನೂರಕ್ಕೆ ನೂರು."

"ಹಾಗಾದರೆ ಅದು ಇದ್ದಾಗ ನೀವು ಆ ಕೆರೆಗೆ ಕಾಲು ಇಳಿಸಿದ್ದೀರಾ?"

ಶೆಟ್ರು ಚಹಾಕ್ಕೆ ಸಕ್ಕರೆ ಕಡಿಮೆಯಾಗಿದೆ ಎಂದರು.

ಮಾಷ್ಟ್ರು ಗೆದ್ದ ಹುರುಪಿನಲ್ಲಿ ನೀರುಳ್ಳಿ ಬಜೆ ತರಿಸಿದರು. ಅಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅಂದುಚ್ಚ ಬಾಯಿ ಹಾಕಿದರು.

"2022ರ ಅಕ್ಟೋಬರ್‌ನಲ್ಲಿ ಬಬಿಯಾ ಹೋಯಿತಲ್ಲ, ಮರುದಿನ ನೀವು ಶಾಲೆಗೆ ರಜೆ ಹಾಕಿ ಹೋಗಿದ್ದಿರಿ ಮಾಷ್ಟ್ರೇ. ಜನರ ನಡುವೆ ಬೆವರು ಒರೆಸುತ್ತಾ ನಿಂತಿದ್ದಿರಿ."

"ಅದು ಬೇರೆ ಅಂದುಚ್ಚ. ಸಣ್ಣದಿರುವಾಗ ಅಮ್ಮ ಕೈ ಹಿಡಿದು ತೋರಿಸಿದ ಮೊಸಳೆ. ಹೋಗದೆ ಇರುವುದು ಹೇಗೆ?"

"ಕೈ ಮುಗಿದಿರಿ."

"ಎಲ್ಲರೂ ಮುಗಿದರು, ನಾನೂ ಮುಗಿದೆ."

ಅಲ್ಲಿಯವರೆಗೆ ಪೇಪರಿನೊಳಗೆ ಇದ್ದ ಭಟ್ರು ತಲೆ ಎತ್ತಿದರು. "ಶೆಟ್ರು ಮೊಸಳೆಯ ಕಥೆಯನ್ನು ಪೂರ್ತಿ ನಂಬುತ್ತಾರೆ, ಮೊಸಳೆಯನ್ನು ನಂಬುವುದಿಲ್ಲ. ಮಾಷ್ಟ್ರು ಕಥೆಯಲ್ಲಿ ಒಂದಕ್ಷರ ನಂಬುವುದಿಲ್ಲ, ಆದರೆ ಅದು ಸತ್ತ ದಿನ ಮನೆಯಲ್ಲಿ ಕೂರಲು ಆಗುವುದಿಲ್ಲ. ದಿನಾ ಹತ್ತಿರ ಹೋಗಿ ಅನ್ನ ಕೊಡುತ್ತಿದ್ದ ಅರ್ಚಕರ ಹತ್ತಿರ ಮೀನಿನ ಲೆಕ್ಕ ಕೇಳಿ ನೋಡಿ. ಅವರಿಗೆ ಅದು ಪ್ರಶ್ನೆಯೇ ಅಲ್ಲ."

ಮಾತು ಸರಿಯಾಗಿತ್ತು. ಭಟ್ರು ಹೇಳಿದ್ದೆಂಬ ಒಂದೇ ಕಾರಣಕ್ಕೆ ಯಾರೂ ಒಪ್ಪಲಿಲ್ಲ.

ಶೆಟ್ರಿಗೆ ಸ್ವಲ್ಪ ಧೈರ್ಯ ಬಂತು. 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಅಲ್ಲಿದ್ದ ಮೊಸಳೆಗೆ ಗುಂಡು ಹೊಡೆದದ್ದು, ಆಮೇಲೆ ಬಬಿಯಾ ತಾನಾಗಿ ಬಂದದ್ದು, ಎಲ್ಲ ಹಿರಿಯರ ಕಥೆಯನ್ನೂ ಶುರುವಿನಿಂದ ಹೇಳಿದರು. "ಈಗ ನೋಡಿ, 2023ರ ನವೆಂಬರ್‌ನಲ್ಲಿ ಮತ್ತೊಂದು ಕಾಣಿಸಿತು. ಯಾರು ತಂದು ಬಿಟ್ಟರು ಹೇಳಿ?"

"ಹೊಸದೂ ಸಸ್ಯಾಹಾರಿಯಾ?"

"ಅಷ್ಟು ಬೇಗ ಹೇಗೆ ಹೇಳುವುದು ಮಾರಾಯ್ರೆ!"

ನಂಬಿಕೆಗೂ ಪ್ರೊಬೇಷನ್ ಇರುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಭಟ್ರು ಸುಮ್ನೆ ನಗುತ್ತಿದ್ದರು. ಅದನ್ನು ನೋಡಿ ಮಾಷ್ಟ್ರಿಗೆ ತಡೆಯಲಾಗಲಿಲ್ಲ.

"ಭಟ್ರೇ, ಅಡಿಕೆ ತೋಟಕ್ಕೆ ಮಹಾಳಿ ಕೊಳೆರೋಗ ಬಾರದ ಹಾಗೆ ಮಧೂರು ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡಿದ್ದೀರಂತೆ?"

"ಹೌದು. ಪ್ರತಿ ವರ್ಷ."

"ಮತ್ತೆ ಮೊನ್ನೆ ಅಡಿಕೆಗೆ ಮದ್ದು ಬಿಡಿಸಿದ್ದು?"

"ಬಿಡದೆ? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆ ಜೋರಾಗುವ ಮೊದಲು ಒಂದು ಸಲ, ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ. ಅಳತೆ ತಪ್ಪಿದರೆ ಕಾಯಿ ಎಲ್ಲ ಕೊಳೆತು ಕೆಳಗೆ."

"ಅಂದ್ರೆ ಗಣಪತಿ ಮೇಲೆ ಅಷ್ಟು ಭರವಸೆ ಇಲ್ಲ."

"ಗಣಪತಿ ಮೇಲೆ ಉಂಟು ಮಾಷ್ಟ್ರೇ, ಮೈಲುತುತ್ತಿನ ಮೇಲೂ ಉಂಟು," ಭಟ್ರು ಪೇಪರು ಮಡಚಿದರು. "ಮದ್ದು ಬಿಡುವವನ ಮೇಲೆ ಇಲ್ಲ. ಎರಡನೇ ಸಲಕ್ಕೆ ಅವನು ಹೇಳಿದ ದಿನ ಬರಬೇಕಲ್ಲ? ಅಪ್ಪ ಹೇಳಿಕೊಂಡದ್ದು ಅದಕ್ಕೆ."