ಪದ ಬೇಕು: ‘ಸ್ಮಾರ್ಟ್ ಮೆಟೀರಿಯಲ್’ಗೆ ಕನ್ನಡದಲ್ಲಿ ಏನೆನ್ನಬೇಕು? (ನಾಳೆ ಬ್ಯಾನರ್ ಅಚ್ಚಿಗೆ)

ಶಿವಮೊಗ್ಗದಿಂದ:

ಮಾನ್ಯರೇ, ನಮ್ಮ ಕಾಲೇಜಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿನ್ಯಾಸ ಸ್ಪರ್ಧೆ ಇಟ್ಟಿದ್ದೇವೆ. ಪ್ರತಿ ತಂಡಕ್ಕೂ ಕಾಯಿಸಿದರೆ ಮೊದಲಿನ ಆಕಾರಕ್ಕೆ ಮರಳುವ ಒಂದಿಷ್ಟು ನಿಟಿನಾಲ್ ತಂತಿ, ಬಿಸಿ ತಗುಲಿದರೆ ಬಣ್ಣ ಬದಲಿಸುವ ಪುಡಿ, ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಬಿಲ್ಲೆ ಕೊಡುತ್ತೇವೆ. ಮನೆಗೋ ತೋಟಕ್ಕೋ ಒದಗುವ ಹೊಸ ಸಾಧನವೊಂದನ್ನು ಅವರು ಕಲ್ಪಿಸಬೇಕು. ಇವು ಮೂರಕ್ಕೂ ಇಂಗ್ಲಿಷಿನಲ್ಲಿ ‘ಸ್ಮಾರ್ಟ್ ಮೆಟೀರಿಯಲ್’ ಎನ್ನುತ್ತಾರೆ. ಹಾಗೆಯೇ ಬರೆದರೆ ನಮ್ಮೂರಿನಲ್ಲಿ ಸ್ಮಾರ್ಟ್ ಸಿಟಿ ಕಾಮಗಾರಿಯೇ ಕಣ್ಣಿಗೆ ಬರುತ್ತದೆ. ‘ಜಾಣವಸ್ತು’ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದ್ದಾರೆ. ತಂತಿಯ ಆ ಗುಣಕ್ಕೆ, ಅಂದರೆ ‘ಶೇಪ್ ಮೆಮೊರಿ’ಗೂ, ಒಂದು ಪದ ಬೇಕು. ನಾಳೆ ಮಧ್ಯಾಹ್ನದೊಳಗೆ ಮುದ್ರಣಕ್ಕೆ ಕೊಡಬೇಕು.

ಸಾಗರದಿಂದ:

‘ಜಾಣವಸ್ತು’ ಬೇಡ. ಅರಿಸಮಾಸ: ಸಂಸ್ಕೃತ ಪದವನ್ನು ಕನ್ನಡ ಅಥವಾ ತದ್ಭವ ಪದಕ್ಕೆ ಬೆಸೆದ, ವ್ಯಾಕರಣ ಒಪ್ಪದ ಜೋಡಣೆ. ‘ಜಾಣ’ ಪ್ರಾಕೃತದಿಂದ ಇಳಿದ ತದ್ಭವ, ‘ವಸ್ತು’ ತತ್ಸಮ.

ವ್ಯಾಕರಣ ಬದಿಗಿಟ್ಟರೂ ಅರ್ಥ ನಿಲ್ಲುವುದಿಲ್ಲ. ಜಾಣತನವೆಂದರೆ ತೂಗಿ ನೋಡಿ ಆರಿಸುವುದು. ತಂತಿ ಏನನ್ನು ಆರಿಸುತ್ತದೆ? ಸುರುಳಿ ಸುತ್ತಿದ ನಿಟಿನಾಲ್ ತಂತಿಯನ್ನು ಬಿಸಿನೀರಿಗೆ ಬಿಟ್ಟು ನೋಡಿ. ಸುರುಳಿ ಸಡಿಲುತ್ತದೆ, ತುದಿಗಳು ಹೊರಳುತ್ತವೆ, ಕಣ್ಣು ಮಿಟುಕಿಸುವುದರೊಳಗೆ ತಂತಿ ನೆಟ್ಟಗಾಗಿರುತ್ತದೆ. ಮತ್ತೆ ಸುತ್ತಿ ಬಿಟ್ಟರೂ ಅದೇ. ನಮ್ಮ ಬೇಲಿಬದಿಯ ಮುಟ್ಟಿದರೆ ಮುನಿಯೂ ಹಾಗೆಯೇ. ಅದನ್ನು ಹಿರಿಯರು ಜಾಣಗಿಡ ಎನ್ನಲಿಲ್ಲ. ಏನು ಮಾಡುತ್ತದೋ ಅದನ್ನೇ ಹೆಸರಾಗಿಸಿದರು. ಆದ್ದರಿಂದ ‘ಮಿಡಿಸರಕು’. ತಂತಿಗೆ ‘ನೆನೆವ ತಂತಿ’. ಎರಡರಲ್ಲೂ ತತ್ಸಮವಿಲ್ಲ. 13ನೆಯ ಶತಮಾನದಲ್ಲಿ ಆಂಡಯ್ಯ ತತ್ಸಮಗಳನ್ನು ದೂರವಿಟ್ಟು ಇಡೀ ಕಾವ್ಯ ಬರೆದ. ನಮ್ಮಿಂದ ಒಂದು ಬ್ಯಾನರ್ ಬರೆಯಲಾಗದೇ?

ಭದ್ರಾವತಿಯಿಂದ:

‘ಮಿಡಿಸರಕು’ ನಡೆಯುವುದಿಲ್ಲ. ಮಲೆನಾಡಿನಲ್ಲಿ ಮಿಡಿ ಎಂದರೆ ಅಪ್ಪೆಮಿಡಿ. ಬ್ಯಾನರ್ ನೋಡಿದವರು ಉಪ್ಪಿನಕಾಯಿ ಮೇಳ ಎಂದುಕೊಂಡು ಬರುತ್ತಾರೆ. ಸಾಗರದವರಿಗೆ ಇದನ್ನು ನಾನು ಹೇಳಿಕೊಡಬೇಕೇ?

‘ನೆನೆವ ತಂತಿ’ ಇನ್ನೂ ಅಪಾಯ. ನೆನೆಯುವುದು ಎಂದರೆ ಸ್ಮರಿಸುವುದೂ ಹೌದು, ತೊಯ್ಯುವುದೂ ಹೌದು. ನೀರಿಗೆ ಬಿಟ್ಟು ತೋರಿಸುವ ತಂತಿಗೆ ಆ ಹೆಸರಿಟ್ಟರೆ ತೊಯ್ದದ್ದಕ್ಕೇ ನೆಟ್ಟಗಾಯಿತು ಎಂದು ಮಕ್ಕಳು ತಿಳಿಯುತ್ತಾರೆ. ಕಾರಣ ಶಾಖ, ಬಿಸಿಗಾಳಿ ಹಿಡಿದರೂ ಅದು ನೆಟ್ಟಗಾಗುತ್ತದೆ. ತಣ್ಣಗಿರುವಾಗ ಲೋಹದ ಒಳರಚನೆ ಮಾರ್ಟೆನ್ಸೈಟ್, ಹೇಗೆ ಬೇಕಾದರೂ ಬಾಗುತ್ತದೆ. ಕಾಯಿಸಿದರೆ ಆಸ್ಟೆನೈಟ್ ಆಗಿ, ಮೊದಲು ಹದ ಹಾಕಿದ ಆಕಾರಕ್ಕೆ ಮರಳುತ್ತದೆ. ‘ನೆನಪಿನ ತಂತಿ’ ಎನ್ನಿ. ‘ನೆನಪು’ ಎಂಬುದಕ್ಕೆ ಎರಡನೆಯ ಅರ್ಥದ ಕಾಟವಿಲ್ಲ.

ಅರಿಸಮಾಸದ ಗುಮ್ಮನನ್ನು ತೋರಿಸಿ ಹೆದರಿಸಬೇಡಿ. ‘ಶಬ್ದಮಣಿದರ್ಪಣ’ ಎಂಬ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ‘ಮಂಗಳಾರತಿ’ಯೂ ಅರಿಸಮಾಸವೇ, ಆದರೂ ಹಾಗೆನ್ನಲು ಯಾವ ಪಂಡಿತರೂ ಹಿಂಜರಿದದ್ದನ್ನು ಕಾಣೆ.

ಇನ್ನು ಎರವಲಿನ ಮಾತು. ನಿಟಿನಾಲ್ ಎಂಬುದೇ ಒಂದು ಜೋಡಣೆ: ನಿಕ್ಕಲ್, ಟೈಟಾನಿಯಂ, ಜೊತೆಗೆ 1959ರ ಸುಮಾರಿಗೆ ವಿಲಿಯಂ ಬ್ಯೂಲರ್ ಅದನ್ನು ರೂಪಿಸಿದ ಅಮೆರಿಕದ ನೇವಲ್ ಆರ್ಡ್‌ನೆನ್ಸ್ ಲ್ಯಾಬೊರೇಟರಿಯ ಮೊದಲಕ್ಷರಗಳು. ಇದನ್ನು ಕನ್ನಡಿಸುವುದೆಂದರೆ ಏನನ್ನು ಕನ್ನಡಿಸುವುದು? ನಮ್ಮದು 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಊರು. ಫರ್ನೇಸ್, ಬಿಲೆಟ್, ರೋಲಿಂಗ್ ಎನ್ನುತ್ತಲೇ ನಾವು ಬಾಳು ಸವೆಸಿದೆವು, ಕನ್ನಡ ಕೆಡಲಿಲ್ಲ. ನಮ್ಮ ‘ಉಕ್ಕು’ ಇಂಗ್ಲಿಷಿಗೆ ಹೋಗಿ ‘ವೂಟ್ಸ್’ ಆಯಿತು ಎನ್ನುತ್ತಾರಲ್ಲ, ಅವರ ಭಾಷೆ ಅದರಿಂದ ಕೆಟ್ಟಿತೇ? ‘ಸ್ಮಾರ್ಟ್’ ಎಂದೇ ಬಿಟ್ಟರೂ ನಷ್ಟವಿಲ್ಲ. ಬೇಡವೆಂದರೆ ‘ಸ್ಪಂದಿಸುವ ವಸ್ತು’.

ಸಾಗರದಿಂದ:

ಅಪ್ಪೆಮಿಡಿಯ ಆಕ್ಷೇಪ ಹುರುಳಿಲ್ಲದ್ದು. ‘ಎದೆ ಮಿಡಿಯಿತು’ ಎಂದಾಗ ಯಾರಿಗೂ ಮಾವಿನಕಾಯಿ ಕಾಣುವುದಿಲ್ಲ.

ಉಕ್ಕಿನ ಮಾತು ತಂದಿರಿ, ಒಳ್ಳೆಯದಾಯಿತು. ಉಕ್ಕು ಮಾಡಿದವರು ಮಾಲಿನ ಜೊತೆ ಹೆಸರನ್ನೂ ಕಳಿಸಿದರು. ಅದೇ ನ್ಯಾಯದಲ್ಲಿ ನಿಟಿನಾಲ್ ಬರಲಿ, ಮಾರ್ಟೆನ್ಸೈಟ್ ಬರಲಿ. ಮಾರ್ಟೆನ್ಸ್ ಎಂಬ ವಿಜ್ಞಾನಿಯ ಹೆಸರನ್ನು ಅನುವಾದಿಸಿ ಎಂದು ನಾನು ಎಲ್ಲಿ ಹೇಳಿದೆ? ಆದರೆ ‘ಸ್ಮಾರ್ಟ್’ ಮಾಲಿನ ಹೆಸರಲ್ಲ, ಮಾಲಿನ ಹೊಗಳಿಕೆ. ಫೋನಿಗೂ ಅದೇ, ತರಗತಿಗೂ ಅದೇ, ಬೀದಿಗೂ ಅದೇ. ವಸ್ತು ಏನು ಮಾಡುತ್ತದೆ ಎಂಬುದನ್ನು ಒಂದಿಷ್ಟೂ ಹೇಳದ ಪದವನ್ನು ಮಕ್ಕಳ ಮುಂದಿಟ್ಟು, ಇದರಿಂದ ಹೊಸತೇನನ್ನಾದರೂ ಕಲ್ಪಿಸಿ ಎಂದರೆ ಅವರು ಎಲ್ಲಿಂದ ಶುರು ಮಾಡಬೇಕು? ಹೆಸರೇ ಸುಳಿವು ಕೊಡಬೇಕು. ಬಿಸಿಗೆ ಮಿಡಿಯುತ್ತದೆ, ಒತ್ತಿದರೆ ಮಿಡಿಯುತ್ತದೆ ಎಂದು ತಿಳಿದ ಮಗು ತಾನಾಗಿಯೇ ಕೇಳುತ್ತದೆ: ನಮ್ಮ ಮನೆಯಲ್ಲಿ ಬಿಸಿಯಾಗುವುದು ಯಾವುದು? ಬಚ್ಚಲಿನ ಹಂಡೆ. ಹಾಗಾದರೆ ನೀರು ಕಾದೊಡನೆ ತಂತಿ ನಿಗುರಿ ಬಾವುಟ ಎತ್ತಬಹುದಲ್ಲ? ಇಂಥ ದಾರಿಯನ್ನು ‘ಸ್ಮಾರ್ಟ್’ ತೆರೆಯುವುದಿಲ್ಲ.

‘ಸ್ಪಂದಿಸುವ’ ಎಂಬುದು ಸಂಸ್ಕೃತ ಎಂಬ ಕಾರಣಕ್ಕಲ್ಲ, ಸವೆದಿದೆ ಎಂಬ ಕಾರಣಕ್ಕೆ ಒಪ್ಪಲಾರೆ. ಅಧಿಕಾರಿಗಳು ಅಹವಾಲಿಗೆ ಸ್ಪಂದಿಸಿ ಸ್ಪಂದಿಸಿ ಆ ಪದದಲ್ಲಿ ಜೀವವೇ ಉಳಿದಿಲ್ಲ.

ಭದ್ರಾವತಿಯಿಂದ:

ಪದಕ್ಕೆ ಜೀವ ಇದೆಯೋ ಇಲ್ಲವೋ ನೀವೊಬ್ಬರೇ ತೀರ್ಮಾನಿಸುವುದಲ್ಲ. ಓದಿದ ಕೂಡಲೇ ತಿಳಿಯಬೇಕು, ಅಷ್ಟೇ.

ಶಿವಮೊಗ್ಗದಿಂದ:

ಇಬ್ಬರಿಗೂ ವಂದನೆಗಳು. ಹೆಸರೇ ಸುಳಿವು ಕೊಡಬೇಕು ಎಂಬ ಮಾತು ಮನಸ್ಸಿಗೆ ನಾಟಿತು. ‘ಮಿಡಿಯುವ ವಸ್ತುಗಳು’ ಎಂದು ಬರೆಸುತ್ತಿದ್ದೇನೆ. ‘ಸರಕು’ ಬಿಟ್ಟಿದ್ದೇನೆ, ಸಾಗರದವರು ಮನ್ನಿಸಬೇಕು. ತಂತಿಗೆ ‘ನೆನಪಿನ ತಂತಿ’, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ನಿಟಿನಾಲ್. ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಬಿಲ್ಲೆಗೆ ಮಾತ್ರ ಇನ್ನೂ ಹೆಸರಿಲ್ಲ. ಗ್ಯಾಸ್ ಲೈಟರಿನೊಳಗೆ ಕಿಡಿ ಹಾರಿಸುವುದೂ ಇಂಥದ್ದೇ. ಕ್ಯೂರಿ ಸಹೋದರರು 1880ರಲ್ಲಿ ಹರಳುಗಳಲ್ಲಿ ಕಂಡ ಗುಣ ಇದು. ‘ಒತ್ತುಬಿಲ್ಲೆ’ ಎಂದರೆ ಸ್ವಿಚ್ಚು ಎಂದು ತಿಳಿದಾರು. ಯಾರಿಗಾದರೂ ಹೊಳೆದರೆ ಬೆಳಗ್ಗೆ 10ರೊಳಗೆ ತಿಳಿಸಿ.