ರಿಕಿ ವಿಲಿಯಮ್ಸ್ ಅವರ ಮರುಪ್ರವೇಶ: ಆಟ ಬಿಟ್ಟಿದ್ದ ವರ್ಷಗಳು ನಷ್ಟವೇ, ಲಾಭವೇ?

ಪ್ರಶ್ನೆ

ಅಮೆರಿಕನ್ ಫುಟ್‌ಬಾಲ್ ಅನ್ನು ಆಸಕ್ತಿಯಿಂದ ನೋಡುವವರಲ್ಲಿ ಒಂದು ವಿಷಯವನ್ನು ಕೇಳಬೇಕಿದೆ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗುವ ರನ್ನಿಂಗ್ ಬ್ಯಾಕ್‌ಗೆ ಮೂವತ್ತು ದಾಟಿದರೆ ಅವನ ಕಾಲ ಮುಗಿದಂತೆ ಎಂಬುದು ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಬೇರೂರಿರುವ ನಂಬಿಕೆ. ಹೀಗಿರುವಾಗ ಮಯಾಮಿ ಡಾಲ್ಫಿನ್ಸ್ ತಂಡದ ರಿಕಿ ವಿಲಿಯಮ್ಸ್ 2009ರಲ್ಲಿ, ತಮ್ಮ 32ನೇ ವಯಸ್ಸಿನಲ್ಲಿ, 1,121 ಯಾರ್ಡ್ ಓಡಿದ್ದು ಹೇಗೆ? ಅದಕ್ಕೂ ಮೊದಲು ಅವರು ಒಂದೇ ಋತುವಿನಲ್ಲಿ ಸಾವಿರ ಯಾರ್ಡ್ ದಾಟಿದ್ದು 2003ರಲ್ಲಿ. ನಡುವೆ 2004ನೇ ಋತುವನ್ನು ನಿವೃತ್ತಿಯಲ್ಲಿ ಕಳೆದರು, 2006ರಲ್ಲಿ ಮಾದಕವಸ್ತು ನಿಯಮದಡಿ ಅಮಾನತಾಗಿ ಕೆನಡಾದ ಟೊರಾಂಟೊ ಆರ್ಗೊನಾಟ್ಸ್ ಪರ ಆಡಿದರು, 2007ರಲ್ಲಿ ಎನ್‌ಎಫ್‌ಎಲ್‌ಗೆ ಮರಳಿದರೂ ಆಡಲು ಸಿಕ್ಕಿದ್ದು ಒಂದೇ ಪಂದ್ಯ. ಆ ವರ್ಷಗಳೆಲ್ಲ ವ್ಯರ್ಥವಾದವು ಎಂದೇ ಹೆಚ್ಚಿನವರು ಹೇಳುತ್ತಾರೆ. ಆಟದಿಂದ ದೂರವಿದ್ದುದೇ ಅವರ ಕಾಲುಗಳನ್ನು ಉಳಿಸಿತು ಎಂದು ನನಗೆ ಅನ್ನಿಸುತ್ತದೆ. ಈ ಊಹೆಗೆ ಆಧಾರವಿದೆಯೇ?

ಮೊದಲ ಉತ್ತರ

ಆಧಾರವಿದೆ, ಮತ್ತು ಅದು ಅಂಕಿಗಳಲ್ಲೇ ಕಾಣುತ್ತದೆ. ಮಯಾಮಿಗೆ ಬಂದ ಮೊದಲ ವರ್ಷ, ಅಂದರೆ 2002ರಲ್ಲಿ, ವಿಲಿಯಮ್ಸ್ 383 ಸಲ ಚೆಂಡು ಹಿಡಿದು ಓಡಿ 1,853 ಯಾರ್ಡ್ ಗಳಿಸಿದರು. ಇಡೀ ಲೀಗ್‌ನಲ್ಲಿ ಅದೇ ಅತಿ ಹೆಚ್ಚು. ಮರುವರ್ಷ 392 ಸಲ ಓಡಿದರೂ ಗಳಿಸಿದ್ದು 1,372 ಯಾರ್ಡ್ ಮಾತ್ರ. ಪ್ರತಿ ಓಟದ ಸರಾಸರಿ 4.8ರಿಂದ 3.5ಕ್ಕೆ ಕುಸಿಯಿತು. ಇಂತಹ ಓಟಗಳಲ್ಲಿ ಬಹುಪಾಲು ನೂರು ಕಿಲೋ ಮೀರಿದ ಒಬ್ಬಿಬ್ಬರು ಬಂದು ನೆಲಕ್ಕೆ ಕೆಡಹುವುದರೊಂದಿಗೆ ಮುಗಿಯುತ್ತವೆ ಎಂಬುದನ್ನು ನೆನಪಿಟ್ಟುಕೊಂಡರೆ, ಎರಡು ವರ್ಷಗಳಲ್ಲಿ 775 ಓಟಗಳು ಎಂದರೇನು ಎಂಬುದು ಅರ್ಥವಾಗುತ್ತದೆ. ನನ್ನ ದೃಷ್ಟಿಯಲ್ಲಿ 2003ರ ಹೊತ್ತಿಗೇ ಅವರ ದೇಹ ಬಳಲಿತ್ತು; 2004ರಲ್ಲೂ ಅದೇ ರೀತಿ ದುಡಿಸಿಕೊಂಡಿದ್ದರೆ 2009ರ ಆಟವನ್ನು ನಾವು ನೋಡುತ್ತಲೇ ಇರಲಿಲ್ಲ.

ಆದರೆ ವಿಶ್ರಾಂತಿಯೊಂದನ್ನೇ ಕಾರಣವೆನ್ನಲಾಗದು. 2005ರಲ್ಲಿ ಹಿಂದಿರುಗಿದಾಗ ತಂಡದಲ್ಲಿ ರಾನಿ ಬ್ರೌನ್ ಎಂಬ ಹೊಸ ಆಟಗಾರರಿದ್ದರು, ಹೊರೆ ಇಬ್ಬರ ನಡುವೆ ಹಂಚಿಹೋಯಿತು. 2009ರಲ್ಲೂ ನವೆಂಬರ್‌ವರೆಗೆ ಹಾಗೆಯೇ ನಡೆದು, ಬ್ರೌನ್ ಪಾದದ ಗಾಯದಿಂದ ಹೊರಗುಳಿದ ಮೇಲಷ್ಟೇ ವಿಲಿಯಮ್ಸ್ ಮುಖ್ಯ ಓಟಗಾರರಾದರು. ಕೂಡಲೇ ಕೆರೊಲೈನಾ ಪ್ಯಾಂಥರ್ಸ್ ವಿರುದ್ಧ ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ ಅಂಕ) ಹೊಡೆದರು. ಆ ವರ್ಷ ಒಟ್ಟು 241 ಓಟಗಳು, ಸರಾಸರಿ 4.7.

ಎರಡನೇ ಉತ್ತರ

ಮೇಲಿನವರು ಕಾಲುಗಳ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ವಿಲಿಯಮ್ಸ್ ಆಟ ಬಿಟ್ಟು ಹೊರಟುಹೋಗಿದ್ದು ಕಾಲು ನೋವಿಗಾಗಿ ಅಲ್ಲ. ಅವರಿಗೆ ಜನರ ನಡುವೆ ಇರುವುದೇ ಭಯವನ್ನುಂಟುಮಾಡುವ ಸಾಮಾಜಿಕ ಆತಂಕದ ಕಾಯಿಲೆ ಇತ್ತು. ನ್ಯೂ ಆರ್ಲಿಯನ್ಸ್‌ನಲ್ಲಿ ಆಡುತ್ತಿದ್ದಾಗ ಹೆಲ್ಮೆಟ್ ಧರಿಸಿಕೊಂಡೇ ಪತ್ರಕರ್ತರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಅದನ್ನು ವಿಚಿತ್ರ ನಡವಳಿಕೆಯೆಂದು ಬರೆದವರೇ ಹೆಚ್ಚು, ಕಾಯಿಲೆಯೆಂದು ಕಂಡವರು ಕಡಿಮೆ. ಮಾನಸಿಕ ಆರೋಗ್ಯದ ಬಗ್ಗೆ ಆಟಗಾರರು ಬಾಯಿ ಬಿಡದ ಆ ಕಾಲದಲ್ಲಿ ಅವರು ಅದನ್ನು ಬಹಿರಂಗವಾಗಿ ಹೇಳಿಕೊಂಡಿದ್ದು ನನಗೆ 2009ರ ಓಟಕ್ಕಿಂತ ದೊಡ್ಡದಾಗಿ ಕಾಣುತ್ತದೆ.

2004ರಲ್ಲಿ ತರಬೇತಿ ಶಿಬಿರ ಆರಂಭವಾಗುವ ಹೊತ್ತಿಗೆ ದಿಢೀರನೆ ನಿವೃತ್ತರಾದದ್ದರಿಂದ ತಂಡಕ್ಕೆ ತೊಂದರೆಯಾದದ್ದು ನಿಜ. ಡಾಲ್ಫಿನ್ಸ್ ಆ ವರ್ಷ ನಾಲ್ಕು ಪಂದ್ಯ ಗೆದ್ದು ಹನ್ನೆರಡರಲ್ಲಿ ಸೋತಿತು, ಕೋಚ್ ಡೇವ್ ವಾನ್‌ಸ್ಟೆಟ್ ನಡುವೆಯೇ ಹುದ್ದೆ ಬಿಟ್ಟರು. ವಿಲಿಯಮ್ಸ್ ಸುಮಾರು 86 ಲಕ್ಷ ಡಾಲರ್ ಹಿಂದಿರುಗಿಸಬೇಕೆಂದು ಮಧ್ಯಸ್ಥಗಾರರ ತೀರ್ಪೂ ಬಂತು. ಅವರನ್ನು ಮರಳಿ ಕರೆತಂದ ಕಾರಣಗಳಲ್ಲಿ ಆ ಸಾಲವೂ ಇದ್ದಿರಬಹುದು. ಆ ಅವಧಿಯಲ್ಲಿ ಅವರು ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಯಲ್ಲಿ ಆಯುರ್ವೇದ ಕಲಿತರು, ಯೋಗವನ್ನು ಗಂಭೀರವಾಗಿ ಅಭ್ಯಾಸ ಮಾಡಿದರು. ನಮ್ಮವರು ಇದನ್ನು ಹೆಮ್ಮೆಯಿಂದ ಎತ್ತಿ ಹೇಳುವುದು ಸಹಜವೇ. ಆದರೂ ಆಯುರ್ವೇದವೇ ಅವರನ್ನು ಮತ್ತೆ ಓಡಿಸಿತು ಎನ್ನಲು ಆಧಾರ ಸಾಲದು. ಮೈದಾನದ ಆಚೆಗೂ ತನಗೊಂದು ಬದುಕಿದೆ ಎಂಬ ನೆಮ್ಮದಿ ಅವರಿಗೆ ಅದರಿಂದ ಸಿಕ್ಕಿತು ಎಂದರೆ ನಾನು ನಂಬುತ್ತೇನೆ.

ಮೂರನೇ ಉತ್ತರ

ದೂರವಿದ್ದರೆ ಕಾಲು ಉಳಿಯುತ್ತದೆ ಎಂಬುದನ್ನು ನಿಯಮವೆಂದು ಹಿಡಿಯಬೇಡಿ. ಲಿವಿಯಾನ್ ಬೆಲ್ ಅವರ ಉದಾಹರಣೆ ನೋಡಿ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಜೊತೆ ಒಪ್ಪಂದದ ವಿಷಯದಲ್ಲಿ ಹೊಂದಾಣಿಕೆಯಾಗದೆ ಅವರು 2018ರ ಇಡೀ ಋತುವನ್ನು ಬಿಟ್ಟು ಕುಳಿತರು. ಆಗ ಅವರಿಗಿನ್ನೂ 26 ವರ್ಷ, ಗಾಯವೂ ಇರಲಿಲ್ಲ. 2019ರಲ್ಲಿ ನ್ಯೂಯಾರ್ಕ್ ಜೆಟ್ಸ್ ಸೇರಿ 245 ಸಲ ಓಡಿದರೂ ಗಳಿಸಿದ್ದು 789 ಯಾರ್ಡ್, ಸರಾಸರಿ 3.2. ಮರುವರ್ಷ ಅಕ್ಟೋಬರ್‌ನಲ್ಲಿ ತಂಡವೇ ಅವರನ್ನು ಕೈಬಿಟ್ಟಿತು. ಮಾರ್ಷಾನ್ ಲಿಂಚ್ 2016ರಲ್ಲಿ ಆಡದೆ 2017ರಲ್ಲಿ ತಮ್ಮ ಹುಟ್ಟೂರಾದ ಓಕ್‌ಲ್ಯಾಂಡ್‌ನ ರೇಡರ್ಸ್ ಪರ 891 ಯಾರ್ಡ್ ಓಡಿದರು. ಚೆನ್ನಾಗಿಯೇ ಆಡಿದರು, ಆದರೆ ಹಳೆಯ ಎತ್ತರಕ್ಕೆ ಏರಲಿಲ್ಲ.

ನನ್ನನ್ನು ಕೇಳಿದರೆ ಇವರೆಲ್ಲರಿಗಿಂತ ಕಠಿಣವಾದ ಮರಳುವಿಕೆ ಸ್ಯಾನ್ ಫ್ರಾನ್ಸಿಸ್ಕೊದ ಗ್ಯಾರಿಸನ್ ಹರ್ಸ್ಟ್ ಅವರದು. 1999ರ ಜನವರಿಯಲ್ಲಿ ಅಟ್ಲಾಂಟಾ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಕಾಲು ಮುರಿಯಿತು, ಆಮೇಲೆ ರಕ್ತ ಸಂಚಾರ ನಿಂತು ಪಾದದ ಕೀಲಿನ ಮೂಳೆಯೇ ಸಾಯತೊಡಗಿತು. ಬೋ ಜಾಕ್ಸನ್ ಅವರ ಫುಟ್‌ಬಾಲ್ ಜೀವನವನ್ನು ಮುಗಿಸಿದ್ದು ಸೊಂಟದ ಕೀಲಿಗೆ ಬಂದ ಇದೇ ಕಾಯಿಲೆ. ಹರ್ಸ್ಟ್ ಎರಡು ಋತುಗಳನ್ನು ಪೂರ್ತಿ ಕಳೆದುಕೊಂಡು 2001ರಲ್ಲಿ ಹಿಂದಿರುಗಿ 1,206 ಯಾರ್ಡ್ ಓಡಿದರು. ಅವರಿಗೆ ಆ ಎರಡು ವರ್ಷ ವಿಶ್ರಾಂತಿಯಾಗಿರಲಿಲ್ಲ, ಶಸ್ತ್ರಚಿಕಿತ್ಸೆಗಳಾಗಿದ್ದವು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಬೆಲ್ ಅವರ ಉದಾಹರಣೆ ನನ್ನ ಊಹೆಯನ್ನು ಸಡಿಲಿಸಿದೆ, ಆದರೆ ಪೂರ್ತಿ ಕೆಡವಿಲ್ಲ. ಜೆಟ್ಸ್ ತಂಡ ದುರ್ಬಲ ಆಫೆನ್ಸಿವ್ ಲೈನ್‌ನ (ಓಟಗಾರನಿಗೆ ದಾರಿ ಬಿಡಿಸಿಕೊಡುವ ಮುಂದಿನ ಸಾಲಿನ) ಹಿಂದೆ ಬೆಲ್ ಒಬ್ಬರ ಮೇಲೆಯೇ ಭಾರ ಹೊರಿಸಿತು. ಡಾಲ್ಫಿನ್ಸ್ ಹಾಗೆ ಮಾಡಲಿಲ್ಲ. 2007ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಕೆಸರು ತುಂಬಿದ ಮೈದಾನದಲ್ಲಿ ವಿಲಿಯಮ್ಸ್ ಆರು ಸಲ ಓಡಿ 15 ಯಾರ್ಡ್ ಗಳಿಸಿ, ಎದೆಯ ಸ್ನಾಯು ಹರಿದುಕೊಂಡು ಹೊರನಡೆದರು. ತಂಡ 3-0ರಿಂದ ಸೋತಿತು. ಅಲ್ಲಿಗೆ ಅವರನ್ನು ಬಿಟ್ಟುಬಿಡುವುದು ಯಾವ ತಂಡಕ್ಕಾದರೂ ಸುಲಭವಿತ್ತು. ಆದರೆ 2008ರಲ್ಲಿ ಬಂದ ಹೊಸ ಕೋಚ್ ಟೋನಿ ಸ್ಪರಾನೊ, ಬ್ರೌನ್ ಮತ್ತು ವಿಲಿಯಮ್ಸ್ ಇಬ್ಬರನ್ನೂ ಒಟ್ಟಿಗೆ ಕಣಕ್ಕಿಳಿಸುವ ‘ವೈಲ್ಡ್‌ಕ್ಯಾಟ್’ ವ್ಯೂಹವನ್ನು ಬಳಸಿದರು; ಹಿಂದಿನ ವರ್ಷ ಒಂದೇ ಪಂದ್ಯ ಗೆದ್ದಿದ್ದ ತಂಡ ಹನ್ನೊಂದನ್ನು ಗೆದ್ದಿತು. ಹರ್ಸ್ಟ್ ಅವರ 2001ರ ಋತುವಿನಲ್ಲಿ ಓಟದ ಹೊರೆಯನ್ನು ಯಾರು ಹಂಚಿಕೊಂಡಿದ್ದರು ಎಂಬುದನ್ನು ಬಲ್ಲವರು ತಿಳಿಸಿದರೆ ಈ ಹೋಲಿಕೆಯನ್ನು ಇನ್ನಷ್ಟು ಮುಂದಕ್ಕೆ ಒಯ್ಯಬಹುದು.